ಇಸಿಜಿ ಊರಿಗೆ ಬಂತು, ಓಟಿಪಿ ಯಾರ ಫೋನಿಗೆ ಬಂತು?

ನಮ್ಮ ಮಲೆನಾಡಿನ ಕಡೆ ಎದೆನೋವಿಗೆ ಮೊದಲು ಇಡುವ ಹೆಸರು ಗ್ಯಾಸ್ಟ್ರಿಕ್. ಊಟ ಮಾಡಿ ಮಲಗಿದವರು ನಡುರಾತ್ರಿ ಎದ್ದು ಕೂತು ಎದೆ ಉಜ್ಜಿಕೊಂಡರೆ, ಮನೆಯವರು ಒಲೆ ಹಚ್ಚಿ ಜೀರಿಗೆ ಕಷಾಯ ಮಾಡುತ್ತಾರೆ. ಇಲ್ಲದಿದ್ದರೆ ಸೋಡಾ, ಅದೂ ಇಲ್ಲದಿದ್ದರೆ ಡಬ್ಬಿಯಲ್ಲಿ ಉಳಿದಿರುವ ಯಾವುದೋ ಮಾತ್ರೆ. "ಎಂಥದ್ದೂ ಇಲ್ಲ ಮಾರಾಯ್ತಿ, ಸಂಜೆ ತಿಂದ ಬೋಂಡ" ಅಂತ ನೋವಿರುವವರೇ ಮನೆಯವರಿಗೆ ಸಮಾಧಾನ ಹೇಳುತ್ತಾರೆ. ಬಹಳ ಸಲ ಅದು ಬೋಂಡವೇ ಆಗಿರುತ್ತದೆ. ಒಂದೊಂದು ಸಲ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ತೋಟದ ಡ್ರಿಪ್ ಪೈಪಿನಲ್ಲಿ ಮಣ್ಣು ಸಿಕ್ಕಿಕೊಂಡರೆ ಆ ಸಾಲಿನ ಗಿಡಗಳಿಗೆ ಮಾತ್ರ ನೀರು ಹೋಗುವುದಿಲ್ಲ, ಅಲ್ವಾ? ಹಾರ್ಟ್ ಅಟ್ಯಾಕ್ ಹೆಚ್ಚುಕಡಿಮೆ ಅದೇ. ಕೊಬ್ಬು ಕೂತು ಕಿರಿದಾದ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದರ ಮುಂದಿನ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಅರ್ಧ ಗಂಟೆ ಕಳೆಯುತ್ತಿದ್ದ ಹಾಗೆ ಆ ಸ್ನಾಯು ಸಾಯಲು ಶುರುವಾಗುತ್ತದೆ, ಗಂಟೆಗಟ್ಟಲೆ ಸಾಯುತ್ತಲೇ ಇರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ನೋವು ಶುರುವಾಗಿ 12 ಗಂಟೆಯ ಒಳಗೆ ಕೊಡಬಹುದು. ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಆಗುವ ಉಪಕಾರ ಆಮೇಲೆ ಕೊಟ್ಟರೆ ಆಗುವುದಿಲ್ಲ. ಇಷ್ಟು ತಿಳಿದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಹೃದಯದ ಮಿಡಿತವನ್ನು ಗೆರೆಯಾಗಿ ಬರೆದು ತೋರಿಸುವ ಇಸಿಜಿ ಎಲ್ಲಿದೆ, ಅದನ್ನು ಓದುವವರು ಎಲ್ಲಿದ್ದಾರೆ, ಇಂಜೆಕ್ಷನ್ ಎಲ್ಲಿದೆ, ರೋಗಿ ಎಲ್ಲಿದ್ದಾನೆ?

ಮೂಡಿಗೆರೆ, ಕೊಟ್ಟಿಗೆಹಾರದ ಆಸುಪಾಸಿನವರಿಗೆ ಇದರ ಉತ್ತರ ತುಂಬಾ ವರ್ಷ ಒಂದೇ ಆಗಿತ್ತು. ಚಾರ್ಮಾಡಿ ಘಾಟಿ ಇಳಿದು ಮಂಗಳೂರು, ಇಲ್ಲವೇ ಹಾಸನದ ದಾರಿ. ಮಂಗಳೂರು ನೂರು ಕಿಲೋಮೀಟರ್ ಮೀರುತ್ತದೆ. ಮಂಜು, ತಿರುವು, ಮಳೆಗಾಲದಲ್ಲಿ ಗುಡ್ಡ ಕುಸಿತ. 2019ರ ಆಗಸ್ಟ್ ಮಳೆಗೆ ಘಾಟಿ ರಸ್ತೆಯೇ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಮಂಗಳೂರಿನಲ್ಲಿ ಎಷ್ಟೇ ಒಳ್ಳೆಯ ಆಸ್ಪತ್ರೆ ಇದ್ದರೂ ಘಾಟಿಯ ಮೇಲಿನವರಿಗೆ ಅದು ಮೂರು ಗಂಟೆ ದೂರದ ಆಸ್ಪತ್ರೆ. ಆ ಮೂರು ಗಂಟೆಯಲ್ಲಿ ಆಗಬೇಕಾದ ಹಾನಿ ಆಗಿ ಮುಗಿದಿರುತ್ತಿತ್ತು.

ಈ ದೂರವನ್ನು ದಾಟುವ ಉಪಾಯ ಹೊಸದೇನಲ್ಲ. ಹಾಲೆಂಡಿನ ಲೈಡನ್ ಊರಿನ ವಿಲ್ಲೆಮ್ ಐಂಥೋವೆನ್ ಇಸಿಜಿ ಯಂತ್ರ ಮಾಡಿದಾಗ ಅದು ಕಾಲು ಟನ್‌ಗಿಂತ ಜಾಸ್ತಿ ತೂಗುತ್ತಿತ್ತು. ನಡೆಸಲು ಐದು ಜನ ಬೇಕಿತ್ತು. ಅದನ್ನು ಆಸ್ಪತ್ರೆಗೆ ಹೊತ್ತೊಯ್ಯುವ ಹಾಗಿರಲಿಲ್ಲ. ಅದಕ್ಕೇ ಅವರು 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯಲ್ಲಿ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಅಂದರೆ ರೋಗಿ ಒಂದು ಕಡೆ, ಡಾಕ್ಟರು ಇನ್ನೊಂದು ಕಡೆ ಇದ್ದುಕೊಂಡು ಇಸಿಜಿ ನೋಡುವ ಕೆಲಸಕ್ಕೆ ನೂರಿಪ್ಪತ್ತು ವರ್ಷ ವಯಸ್ಸಾಗಿದೆ. ಘಾಟಿ ಹತ್ತಿ ನಮ್ಮ ತಾಲೂಕಿಗೆ ಬರಲು ಅದಕ್ಕೆ ಅಷ್ಟು ಕಾಲ ಹಿಡಿಯಿತು. ಯಂತ್ರ ಇರಲಿಲ್ಲ ಅಂತಲ್ಲ. ತರಬೇಕು ಅಂತ ಯಾರಿಗೂ ಗಟ್ಟಿಯಾಗಿ ಅನ್ನಿಸಿರಲಿಲ್ಲ.

ಹಾಗೆ ಅನ್ನಿಸಿದವರಲ್ಲಿ ಒಬ್ಬರು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್. 2018ರ ಹೊತ್ತಿಗೆ ಅವರು ಶುರು ಮಾಡಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಕೆಲಸ ನೋಡಲು ಬಹಳ ಸರಳ. ದಾನಿಗಳಿಂದ ಇಸಿಜಿ ಯಂತ್ರ ಕೊಡಿಸಿ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಮುಟ್ಟಿಸುವುದು. ಅಲ್ಲಿನ ವೈದ್ಯರನ್ನು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸುವುದು. ಎದೆನೋವು ಅಂತ ಯಾರಾದರೂ ಬಂದರೆ ಇಸಿಜಿಯ ಫೋಟೊ ಗುಂಪಿಗೆ ಬೀಳುತ್ತದೆ, ತಜ್ಞರು ನೋಡಿ ಮುಂದೇನು ಅಂತ ಹೇಳುತ್ತಾರೆ. ಹೊಸ ಆ್ಯಪ್ ಇಲ್ಲ, ಪೋರ್ಟಲ್ ಇಲ್ಲ. ಎಲ್ಲರ ಕೈಯಲ್ಲಿ ಆಗಲೇ ಇದ್ದ ವಾಟ್ಸ್ಆ್ಯಪ್. ಒಂದು ಫೋಟೊ ಹೋಗುವಷ್ಟು ನೆಟ್‌ವರ್ಕ್ ಇದ್ದರೆ ಸಾಕು. ನಮ್ಮ ಕಡೆ ಅಷ್ಟು ಸಿಗುತ್ತದೆ, ಅಂಗಳದ ಯಾವ ಮೂಲೆಯಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ.

ಆಮೇಲೆ ಸರ್ಕಾರವೂ ಇದೇ ದಾರಿಗೆ ಬಂತು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯಸ್ತಂಭನದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ 2023ರಲ್ಲಿ ಸರ್ಕಾರ ಘೋಷಿಸಿದ್ದು 'ಹೃದಯ ಜ್ಯೋತಿ' ಯೋಜನೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ಕಂಪ್ಯೂಟರ್ ಮೂಲಕ ಹೋಗಿ, ಎಐ ಮೊದಲು ಜಾಲಾಡಿ, ತಜ್ಞರು ಖಚಿತ ಮಾಡಿ, ಕೆಲವೇ ನಿಮಿಷಗಳಲ್ಲಿ ವಾಪಸ್ ಬರುತ್ತದೆ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಂಥ ದೊಡ್ಡ ಆಸ್ಪತ್ರೆಗಳು ಬೆನ್ನಿಗಿರುತ್ತವೆ. ಹೃದಯಾಘಾತ ಹೌದು ಅಂತಾದರೆ ಟೆನೆಕ್ಟೆಪ್ಲೇಸ್ ಅನ್ನುವ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಹೊರಗೆ ಅದರ ಬೆಲೆ 30 ಸಾವಿರ ರೂಪಾಯಿಯಿಂದ ಮೇಲೆ.

ಇದು ಹೇಗೆ ನಡೆಯುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದು ನಮ್ಮ ಚಿಕ್ಕಪ್ಪನ ಜೊತೆ ಒಂದು ತಾಲೂಕು ಆಸ್ಪತ್ರೆಗೆ ಹೋದಾಗ. ಮಳೆಗಾಲ. ತೋಟದಿಂದ ಒದ್ದೆ ಬಟ್ಟೆಯಲ್ಲೇ ಬಂದಿದ್ದರು. ನರ್ಸ್ ಅಂಗಿ ತೆಗೆಸಿ, ಒರೆಸಿ, ಎದೆಗೆ ಆರು ಬಿಲ್ಲೆ ಅಂಟಿಸಿದರು. ಕೈಕಾಲಿಗೆ ನಾಲ್ಕು ಕ್ಲಿಪ್. ಚಿಕ್ಕಪ್ಪ ಚಳಿಗೆ ನಡುಗುತ್ತಿದ್ದರು. ಕಾಗದದ ಮೇಲೆ ಬಂದ ಗೆರೆಯೂ ನಡುಗಿತು. ನರ್ಸ್ ಆ ಕಾಗದವನ್ನು ಹರಿದು ಪಕ್ಕಕ್ಕಿಟ್ಟು, ಒಂದು ಕಂಬಳಿ ತಂದು ಸೊಂಟದಿಂದ ಕೆಳಗೆ ಹೊದಿಸಿದರು. "ಕೈ ಸಡಿಲ ಬಿಡಿ ಅಣ್ಣ. ಮಾತಾಡ್ಬೇಡಿ. ಉಸಿರಾಡಿ ಸುಮ್ನೆ." ಎರಡನೆಯ ಗೆರೆ ಸರಿಯಾಗಿ ಬಂತು. ಅದು ದೂರದ ತಜ್ಞರಿಗೆ ಹೋಯಿತು. ಆ ಕಡೆಯಿಂದ ಫೋನ್ ಬಂತು. ಕರ್ತವ್ಯದಲ್ಲಿದ್ದ ಡಾಕ್ಟರು ಒಂದರ ಹಿಂದೊಂದು ಕೇಳಿದರು. ನೋವು ಎಷ್ಟು ಗಂಟೆಗೆ ಶುರುವಾಯ್ತು? ಮುಂಚೆ ಸ್ಟ್ರೋಕ್ ಆಗಿದೆಯಾ? ಹೊಟ್ಟೆಯಲ್ಲಿ ಹುಣ್ಣು, ರಕ್ತ ಬಿದ್ದದ್ದು? ರಕ್ತ ತೆಳುವಾಗಲು ಮಾತ್ರೆ ತಗೊಳ್ತಾರಾ? ತೂಕ ಎಷ್ಟು? ಇವೆಲ್ಲ ಸುಮ್ಮನೆ ಕೇಳುವ ಪ್ರಶ್ನೆಗಳಲ್ಲ. ಹೆಪ್ಪು ಕರಗಿಸುವ ಔಷಧಿ ಬೇರೆ ಕಡೆ ರಕ್ತ ಸೋರುವ ಹಾಗೂ ಮಾಡಬಲ್ಲದು, ತೂಕದ ಮೇಲೆ ಪ್ರಮಾಣ ನಿರ್ಧಾರವಾಗುತ್ತದೆ.

"ಇದಕ್ಕೆಷ್ಟಾಗುತ್ತೆ ಸಿಸ್ಟರ್?" ಅಂತ ಚಿಕ್ಕಪ್ಪ ಕೇಳಿದ್ದು ಆ ನೋವಿನ ನಡುವೆಯೂ. "ದುಡ್ಡಿಲ್ಲ, ಮಲಗಿ" ಅಂದರು ಅವರು. ಇಂಜೆಕ್ಷನ್ ಹೋಯಿತು. ಆಧಾರ್ ಕಾರ್ಡ್ ಕೇಳಿದ್ದು ಅದಾದ ಮೇಲೆ, ಆಂಬುಲೆನ್ಸ್ ಬರುವುದರೊಳಗೆ, ಬಾಗಿಲ ಬಳಿ ನಿಂತಿದ್ದ ನನ್ನನ್ನು.

ಈ ಅನುಕ್ರಮ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೊದಲು ಔಷಧಿ, ಆಮೇಲೆ ಗುರುತು. ಇಷ್ಟೊಂದು ತಂತ್ರಜ್ಞಾನ ಓಡಿತು. ಯಂತ್ರ, ಸರ್ವರ್, ಎಐ, ದೂರದ ತಜ್ಞರು. ಅದರಲ್ಲಿ ಚಿಕ್ಕಪ್ಪ ಮಾಡಬೇಕಾಗಿ ಬಂದದ್ದು ಅಲುಗಾಡದೆ ಮಲಗುವ ಕೆಲಸ ಮಾತ್ರ. ಅವರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೋ ಇಲ್ಲವೋ, ಇಂಗ್ಲಿಷ್ ಓದಲು ಬರುತ್ತದೋ ಇಲ್ಲವೋ, ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಕೆಲಸವೆಲ್ಲ ಆಸ್ಪತ್ರೆಯ ಕಡೆಗಿತ್ತು.

ನಾನು ಸಾಫ್ಟ್‌ವೇರ್ ಬರೆದು ಬದುಕುವ ಮನುಷ್ಯ. ಆರೋಗ್ಯದ ವಿಷಯದಲ್ಲಿ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರಾದರೂ ಕೇಳಿದರೆ ನನ್ನ ಮರುಪ್ರಶ್ನೆ ಒಂದೇ. ಅದರ ದುಡಿಮೆ ಯಾರ ಪಾಲಿಗೆ ಬಂದಿದೆ? ಆಸ್ಪತ್ರೆಯ ಪಾಲಿಗೋ, ಕಾಯಿಲೆ ಬಿದ್ದವರ ಪಾಲಿಗೋ?

2021ರ ಮೇ ತಿಂಗಳು ನೆನಪಿದೆ ತಾನೆ? ಜನವರಿ 16ಕ್ಕೆ ಕೊರೋನಾ ಲಸಿಕೆ ಶುರುವಾಗಿತ್ತು. ಮೇ 1ರಿಂದ 18ರಿಂದ 44 ವಯಸ್ಸಿನವರಿಗೆ ತೆರೆದರು. ಆದರೆ ಈ ವಯಸ್ಸಿನವರು ಸರ್ಕಾರದ ಲಸಿಕೆ ಪೋರ್ಟಲ್ ಕೋವಿನ್‌ನಲ್ಲಿ ಮೊದಲೇ ಹೆಸರು ಬರೆಸಿಕೊಂಡು ಸ್ಲಾಟ್ ಹಿಡಿದೇ ಬರಬೇಕು. ಅದಕ್ಕೊಂದು ಮೊಬೈಲ್ ಬೇಕು, ಓಟಿಪಿ ಬರಬೇಕು, ವಕ್ರವಕ್ರವಾಗಿ ಬರೆದ ಕ್ಯಾಪ್ಚಾ ಅಕ್ಷರ ಓದಬೇಕು, ಪಿನ್‌ಕೋಡ್ ಒತ್ತಬೇಕು. ಅಷ್ಟರಲ್ಲಿ ಸ್ಲಾಟ್ ಖಾಲಿ. ಪುಟವೆಲ್ಲ ಇಂಗ್ಲಿಷ್‌ನಲ್ಲಿ. ಕನ್ನಡ ಬಂದದ್ದು ಜೂನ್‌ನಲ್ಲಿ. ಸ್ಲಾಟ್ ತೆರೆದ ಕ್ಷಣವೇ ಫೋನ್‌ಗೆ ಸುದ್ದಿ ಕೊಡುವ ಟೆಲಿಗ್ರಾಮ್ ಚಾನೆಲ್‌ಗಳು ಹುಟ್ಟಿಕೊಂಡವು. ಕೋಡ್ ಬರೆಯಲು ಗೊತ್ತಿದ್ದವರು ಸ್ಲಾಟ್ ಹುಡುಕುವ ಪ್ರೋಗ್ರಾಂ ಬರೆದರು. ಬೆಂಗಳೂರಿನಲ್ಲಿ ಸಿಗದವರು ಕಾರಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರ, ರಾಮನಗರದ ಕಡೆಯ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಹೋಗಿ ಹಾಕಿಸಿಕೊಂಡು ಬಂದರು. ಆ ಊರಿನವರು ತಮ್ಮದೇ ಆಸ್ಪತ್ರೆಯ ಮುಂದೆ ನಿಂತು ಇದನ್ನು ನೋಡಿದರು.

ಬಂದವರನ್ನು ನಾನು ಬೈಯುವುದಿಲ್ಲ. ಆ ದಿನಗಳ ಭಯ ಅಂಥದ್ದು. ನಿಯಮ ಅವರನ್ನು ತಡೆಯಲೂ ಇಲ್ಲ. ಆದರೆ ಡೋಸ್ ಊರಿನ ಫ್ರಿಜ್‌ನಲ್ಲಿದ್ದು, ಅದರ ಬೀಗದ ಕೈ ಬೆಂಗಳೂರಿನ ಬ್ರಾಡ್‌ಬ್ಯಾಂಡ್‌ನಲ್ಲಿ ಇತ್ತು. ಮೇ 24ಕ್ಕೆ ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಟ್ಟರು. ಮೇ 31ಕ್ಕೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ, ಫೋನ್ ಇಲ್ಲದವರು, ಇಂಟರ್‌ನೆಟ್ ಇಲ್ಲದವರು ಏನು ಮಾಡಬೇಕು ಅಂತ ಸರ್ಕಾರವನ್ನು ನೇರವಾಗಿ ಕೇಳಿತು. ಜೂನ್ 21ರ ಹೊತ್ತಿಗೆ ನೀತಿಯೇ ಬದಲಾಗಿ, ಎಲ್ಲ ಕೇಂದ್ರಗಳಲ್ಲೂ ನೇರವಾಗಿ ಹೋಗಿ ಹಾಕಿಸಿಕೊಳ್ಳಬಹುದು ಅಂತಾಯಿತು. ಆಮೇಲೆ ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಜನರನ್ನು ಕರೆತಂದರು. ಕೋವಿನ್ ಆಗಲೂ ಇತ್ತು. ಸರ್ಟಿಫಿಕೇಟ್ ಕೊಟ್ಟಿತು, ಲೆಕ್ಕ ಇಟ್ಟಿತು. ಅದೇ ತಂತ್ರಾಂಶ. ಟೈಪ್ ಮಾಡುವವರು ಮಾತ್ರ ಬದಲಾಗಿದ್ದರು. ಲಸಿಕೆಗೆ ಬಂದವರ ಕೆಲಸ ತಪ್ಪಿ ಸಿಬ್ಬಂದಿಯ ಕೆಲಸವಾಯಿತು. ಅಷ್ಟಕ್ಕೇ ಬಾಗಿಲು ತೆರೆದುಕೊಂಡಿತು.

ಇದು ಕೊರೋನಾ ಜೊತೆಗೇ ಮುಗಿದ ಪಾಠ ಅಂದುಕೊಂಡಿದ್ದೆವು. ಈಗ ಅಂಗನವಾಡಿಗೆ ಬಂದು ನಿಂತಿದೆ. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಕೊಡಲು, ಅಂಗನವಾಡಿಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಹೊಂದಾಣಿಕೆ ಆಗಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂತು. ಗರ್ಭಿಣಿ ಅಥವಾ ಬಾಣಂತಿಯ ಆಧಾರ್ ಜೋಡಿಸಬೇಕು, ಓಟಿಪಿ ಹಾಕಬೇಕು, ಫೋಟೊ ತೆಗೆಯಬೇಕು. ಮುಖ ಹೊಂದಿದರೆ ಆಹಾರದ ಪೊಟ್ಟಣ.

ನನಗೆ ಪರಿಚಯದ ಒಬ್ಬ ಅಂಗನವಾಡಿ ಟೀಚರ್ ಹತ್ತಿರ ಕೂತಿದ್ದಾಗ ನೋಡಿದೆ. ತುಂಬು ಗರ್ಭಿಣಿ ಒಬ್ಬಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಆಧಾರ್‌ಗೆ ಜೋಡಿಸಿದ ನಂಬರ್ ಗಂಡನದ್ದು, ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ. ಟೀಚರ್ ತಮ್ಮ ಫೋನಿನಿಂದಲೇ ಅವನಿಗೆ ಕರೆ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಿದ. "ಓಟಿಪಿ ಬಂತೇನಪ್ಪಾ? ಓದು ಓದು ಬೇಗ." ಅವನು ಓದಿ ಹೇಳುವಷ್ಟರಲ್ಲಿ ಟೈಮ್ ಮುಗಿದಿತ್ತು. ಇನ್ನೊಂದು ಸಲ. ಆಮೇಲೆ ಫೋಟೊ. ಒಳಗೆ ಕತ್ತಲು, ಮುಖ ಹೊಂದಲಿಲ್ಲ. ಬಾಗಿಲ ಹತ್ತಿರ ಕರೆತಂದರು. ಹಿಂದಿನ ಬೆಳಕು ಜಾಸ್ತಿ, ಆಗಲೂ ಹೊಂದಲಿಲ್ಲ. ಆಧಾರ್ ಫೋಟೊ ತೆಗೆಸಿದ್ದು ಅವಳು ಹೈಸ್ಕೂಲಿನಲ್ಲಿದ್ದಾಗ. ಆ ಟೀಚರ್ ಒಳ್ಳೆಯವರು, "ನೀನು ಕೂತ್ಕೊ ತಾಯಿ" ಅಂತ ಕುರ್ಚಿ ಹಾಕಿದರು. ಆ ಹೊತ್ತಿಗೆ ಮಕ್ಕಳಿಗೆ ಹಾಡು ಹೇಳಿಕೊಡಬೇಕಿತ್ತು. ಮಕ್ಕಳು ತಮ್ಮಷ್ಟಕ್ಕೆ ಗಲಾಟೆ ಮಾಡಿಕೊಂಡಿದ್ದವು.

ಈ ಹುಡುಗಿ ಯಾರು ಅಂತ ಟೀಚರ್‌ಗೆ ಗೊತ್ತು. ಅವಳ ಮದುವೆಗೆ ಹೋಗಿ ಊಟ ಮಾಡಿ ಬಂದವರು ಅವರು. ತಾಯಿ ಕಾರ್ಡ್ ಅವಳ ಕೈಯಲ್ಲೇ ಇದೆ. ಗುರುತು ಹಿಡಿಯಲಾಗದೆ ನಿಂತದ್ದು ಆ ಕೋಣೆಯಲ್ಲಿ ಫೋನ್ ಒಂದೇ. ಆದರೂ ಕೊನೆಯ ಮಾತು ಫೋನಿನದ್ದೇ.

ಇಂಥ ನಿಯಮ ಯಾಕೆ ಬರುತ್ತದೆ ಅಂತ ನನಗೆ ಗೊತ್ತಿಲ್ಲದೇ ಇಲ್ಲ. ಸುಳ್ಳು ಹೆಸರು ಬರೆದು ಆಹಾರ ಎತ್ತುವವರಿದ್ದಾರೆ, ಒಬ್ಬರ ಹೆಸರು ಎರಡು ಕಡೆ ಇರುತ್ತದೆ, ತೆರಿಗೆಯ ಹಣಕ್ಕೆ ಲೆಕ್ಕ ಬೇಕು. ಒಪ್ಪುತ್ತೇನೆ. ಒಂದು ಫಾರಂ ವಿನ್ಯಾಸ ಮಾಡುವಾಗ ಮೊಬೈಲ್ ನಂಬರ್ ಅನ್ನುವ ಜಾಗದ ಪಕ್ಕ ಒಂದು ಕೆಂಪು ಚುಕ್ಕಿ ಇಡುತ್ತಾರೆ. ಇದು ಕಡ್ಡಾಯ, ಖಾಲಿ ಬಿಟ್ಟರೆ ಮುಂದೆ ಹೋಗುವ ಹಾಗಿಲ್ಲ ಅಂತ ಅದರ ಅರ್ಥ. ಎಸಿ ರೂಮಿನಲ್ಲಿ ಕೂತವರಿಗೆ ಆ ಚುಕ್ಕಿ ಇಡಲು ಒಂದು ಸೆಕೆಂಡ್ ಸಾಕು. ಡೇಟಾ ಪೂರ್ತಿ ಇರಲಿ ಅನ್ನುವ ಒಳ್ಳೆಯ ಉದ್ದೇಶವೇ ಇರುತ್ತದೆ. ಆದರೆ ಆ ಚುಕ್ಕಿ ತಪ್ಪು ಮಾಡಿದಾಗ, ಅಂದರೆ ಅರ್ಹರನ್ನೇ ಹೊರಗೆ ನಿಲ್ಲಿಸಿದಾಗ, ಅದರ ನಷ್ಟ ಯಾರಿಗೆ ಅಂತ ಆ ರೂಮಿನಲ್ಲಿ ಯಾರೂ ಕೇಳುವುದಿಲ್ಲ. ಕಳ್ಳನೊಬ್ಬ ತಪ್ಪಿಸಿಕೊಂಡರೆ ಸರ್ಕಾರಕ್ಕೆ ಒಂದು ಪೊಟ್ಟಣ ನಷ್ಟ. ಗರ್ಭಿಣಿಯೊಬ್ಬಳು ಬರಿಗೈಯಲ್ಲಿ ಹೋದರೆ ಹುಟ್ಟುವ ಮಗುವಿನ ತೂಕಕ್ಕೆ ನಷ್ಟ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಾಗುವುದಿಲ್ಲ.

ಬೆರಳಚ್ಚಿನದ್ದೂ ಇದೇ ಗೋಳು. "ಥಂಬ್ ಬರ್ತಿಲ್ಲ" ಅನ್ನುವ ಮಾತು ಈಗ ಪ್ರತಿ ಹಳ್ಳಿಯ ಮಾತು. ಅಡಿಕೆ ಸುಲಿದ ಕೈ, ಸಿಮೆಂಟ್ ಕಲಸಿದ ಕೈ, ವಯಸ್ಸಾದವರ ಕೈ. ಗೆರೆ ಸವೆದಿರುತ್ತದೆ. ದುಡಿದು ಸವೆದ ಬೆರಳನ್ನೇ ಯಂತ್ರ ಒಪ್ಪುವುದಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಈಗ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೊಳ್ಳಬಹುದು. ಅದಕ್ಕೆ ಆಭಾ ಅನ್ನುವ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, ಅದಕ್ಕೊಂದು ಆ್ಯಪ್. ಬಳಸಲು ಬಂದವರಿಗೆ ಅರ್ಧ ಬೆಳಗು ಉಳಿಯುತ್ತದೆ, ಅದು ಸಣ್ಣ ಮಾತಲ್ಲ. ಆಭಾ ಕಡ್ಡಾಯವಲ್ಲ ಅಂತ ನೀತಿಯೂ ಹೇಳುತ್ತದೆ. ಆದರೆ ಉಳಿದ ಕೌಂಟರ್‌ಗಳನ್ನು ಕಡಿಮೆ ಮಾಡಿದರೆ, ಫೋನ್ ಇಲ್ಲದ ಅಜ್ಜಿಗೆ ಅದು ಕಡ್ಡಾಯವಾದ ಹಾಗೇ.

ಈ ಭಾರ ರೋಗಿಯ ಮೇಲೆ ಮಾತ್ರವಲ್ಲ, ರೋಗಿಯ ಪಕ್ಕದಲ್ಲಿ ನಿಲ್ಲುವ ಆಶಾ ಕಾರ್ಯಕರ್ತೆಯ ಮೇಲೂ ಬೀಳುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳು ಹಗಲೂ ರಾತ್ರಿ ಕೂತರು. ತಿಂಗಳಿಗೆ 15 ಸಾವಿರ ಕೊಡಿ ಅನ್ನುವುದು ದೊಡ್ಡ ಬೇಡಿಕೆಯಾಗಿತ್ತು. ಕೊನೆಗೆ 10 ಸಾವಿರದ ಭರವಸೆ ಸಿಕ್ಕಿತು. ಅವರ ಹಳೆಯ ತಕರಾರು ಇನ್ನೊಂದಿದೆ, ಅದು ತಾಯಿ ಮಗುವಿನ ಆರೋಗ್ಯದ ಲೆಕ್ಕ ಇಡುವ ಆರ್‌ಸಿಎಚ್ ಪೋರ್ಟಲ್‌ನದ್ದು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಏರಿದರೆ ಮಾತ್ರ ಪ್ರೋತ್ಸಾಹಧನ. ರಾತ್ರಿ ಹೆರಿಗೆಗೆ ಜೊತೆ ಹೋದದ್ದು ಊರಿಗೆಲ್ಲ ಗೊತ್ತು. ನಮೂದಿಸುವವರು ನಮೂದಿಸದಿದ್ದರೆ, ಸರ್ವರ್ ನುಂಗಿದರೆ, ಅದು ಆಗಿಯೇ ಇಲ್ಲ. ಅವರ ದುಡಿಮೆಗೆ ಸಾಕ್ಷಿ ಬಾಣಂತಿ, ಮಗು, ಆಂಬುಲೆನ್ಸ್ ಡ್ರೈವರ್. ಇಷ್ಟು ಜನ ಸಾಲದೇ?

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಸುತ್ತ ಹಾಕಿದ ಬೇಲಿಯ ವಿಷಯ. ಕೆಲವು ಸಲ ಯಂತ್ರವೇ ಎಲ್ಲರನ್ನೂ ಒಂದೇ ಥರ ಕಾಣುವುದಿಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಶೇಕಡಾ ಎಷ್ಟು ಅಂತ ನೋಡುವ ಆಕ್ಸಿಮೀಟರ್ ನೆನಪಿಸಿಕೊಳ್ಳಿ. 1970ರ ದಶಕದಲ್ಲಿ ಜಪಾನಿನ ತಕುವೊ ಅಒಯಾಗಿ ಇದರ ತತ್ವ ಕಂಡುಹಿಡಿದರು. ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ, ಒಂದು ಕೆಂಪು, ಒಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ಹೊತ್ತ ರಕ್ತ ಒಂದು ಪ್ರಮಾಣದಲ್ಲಿ ಹೀರುತ್ತದೆ, ಹೊರದ ರಕ್ತ ಇನ್ನೊಂದು ಪ್ರಮಾಣದಲ್ಲಿ. ಅದನ್ನೇ ಲೆಕ್ಕ ಹಾಕಿ ಅಂಕಿ ತೋರಿಸುತ್ತದೆ. ಆದರೆ ಬೆಳಕು ಮೊದಲು ಚರ್ಮ ದಾಟಬೇಕು, ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ, ಅಪಧಮನಿಯ ರಕ್ತ ತೆಗೆದು ನೋಡಿದರೆ ನಿಜಕ್ಕೂ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ 3.6 ಸಲ, ಕಪ್ಪು ಜನರಲ್ಲಿ ಶೇ 11.7 ಸಲ. ಮೂರು ಪಟ್ಟು ಹೆಚ್ಚು. ಆಗ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಮಾರ್ಗಸೂಚಿ ಕೇಳುತ್ತಿದ್ದದ್ದು ಕನಿಷ್ಠ 10 ಜನರ ಮೇಲೆ ಪರೀಕ್ಷೆ, ಅದರಲ್ಲಿ ಕಪ್ಪು ಚರ್ಮದವರು ಇಬ್ಬರು ಅಥವಾ ಶೇ 15ರಷ್ಟು ಇದ್ದರೆ ಸಾಕು ಅಂತ.

ಅದೇ ತಿಂಗಳುಗಳಲ್ಲಿ ನಮ್ಮಲ್ಲಿ ಮನೆಯಲ್ಲೇ ಇದ್ದ ಕೋವಿಡ್ ರೋಗಿಗಳು 94ಕ್ಕಿಂತ ಇಳಿದರೆ ಆಸ್ಪತ್ರೆ ಅನ್ನುವ ಗೆರೆ ನೋಡಿಕೊಂಡು ರಾತ್ರಿ ಕಳೆಯುತ್ತಿದ್ದರು. ಹೊಲದಲ್ಲಿ, ಸಮುದ್ರದಂಡೆಯಲ್ಲಿ ಬಿಸಿಲಿಗೆ ದುಡಿದು ಕಪ್ಪಾದ ಕೈ ನಮ್ಮಲ್ಲಿ ಎಷ್ಟು ಇಲ್ಲ? ಆ ಪುಟ್ಟ ಯಂತ್ರ ಸಾವಿರಾರು ಜನರನ್ನು ಸಮಯಕ್ಕೆ ಆಸ್ಪತ್ರೆಗೆ ಕಳಿಸಿತು, ಅದು ನಿಜ. 2021ರ ಜುಲೈನಲ್ಲಿ ಅದರ ಮೇಲಿನ ವ್ಯಾಪಾರದ ಲಾಭಕ್ಕೆ ಶೇ 70ರ ಮಿತಿ ಹಾಕಿದ್ದೂ ಒಳ್ಳೆಯ ಕೆಲಸ. ಆದರೆ ಅಂಕಿ 95 ಇದೆ ಅಂತ, ಎದುರಿಗೆ ಏದುಸಿರು ಬಿಡುತ್ತಿರುವ ಮನುಷ್ಯನನ್ನು ಮನೆಗೆ ಕಳಿಸಬಾರದು. ಯಾರ ಬೆರಳಿಗೆ ಹಾಕಿ ನೋಡಿ ಈ ಯಂತ್ರವನ್ನು ಪಾಸು ಮಾಡಿದರು ಅಂತ ಕೇಳುವ ಹಕ್ಕು ನಮಗಿದೆ. ಇಸಿಜಿ ಓದುವ ಎಐಗೂ ನಾನು ಅದೇ ಪ್ರಶ್ನೆ ಕೇಳುತ್ತೇನೆ.

ಇಸಿಜಿಗೂ ಮಿತಿ ಇದೆ. ಎಲ್ಲ ಹೃದಯಾಘಾತವೂ ಮೊದಲ ಗೆರೆಯಲ್ಲಿ ಕಾಣುವುದಿಲ್ಲ. ಕೆಲವಕ್ಕೆ ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಬೇಕು, ಕೆಲವಕ್ಕೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಇಸಿಜಿ ಬೇಕು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಏನಾಯಿತು ನೋಡಿ. ಮನುಷ್ಯರು ಕುಸಿದು ಬೀಳುವ ಸಿಸಿಟಿವಿ ತುಣುಕುಗಳು ಫೋನಿಂದ ಫೋನಿಗೆ ಓಡಿದವು. ಏನೂ ಆಗದವರೂ ಬಸ್ಸು ಹತ್ತಿ ಮೈಸೂರಿನ ಜಯದೇವಕ್ಕೆ ಹೋದರು, ಬೆಳಗಿನ ಜಾವವೇ ಸಾಲು. ಪುನೀತ್ ಹೋದಾಗಲೂ ಹೀಗೇ ಆಗಿತ್ತು. ತಜ್ಞರ ಸಮಿತಿ ನೋಡಿ, ಹೃದಯಾಘಾತಗಳು ದಿಢೀರ್ ಏರಿಲ್ಲ ಅಂತ ಹೇಳಿತು. ಅಷ್ಟು ಹೊತ್ತಿಗೆ ವಿಡಿಯೊ ಹುಟ್ಟಿಸಿದ ಭಯ ಆಸ್ಪತ್ರೆಯನ್ನು ತುಂಬಿಯಾಗಿತ್ತು. ನಿಜವಾಗಿ ಎದೆನೋವಿದ್ದವರೂ ಆ ಸಾಲಿನಲ್ಲೇ ನಿಲ್ಲಬೇಕಾಯಿತಲ್ಲ ಅಂತ ನನಗೆ ಸಂಕಟ. ಆ ಗದ್ದಲದಿಂದ ಆದ ಒಂದು ಒಳ್ಳೆಯದು, ಹೃದಯ ಜ್ಯೋತಿಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಫೋನಿನಲ್ಲಿ ಡಾಕ್ಟರನ್ನು ನೋಡುವ ಇ-ಸಂಜೀವಿನಿಯಲ್ಲೂ ಎರಡು ದಾರಿ ಇದೆ. ಈ ಬರಹದ ಮಾತೆಲ್ಲ ಅಲ್ಲಿ ಒಂದೇ ಕಡೆ ಕಾಣುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದದ್ದು ರೋಗಿ ತಾನೇ ಲಾಗಿನ್ ಆಗಿ ನೋಡುವ ದಾರಿ. ಅದಕ್ಕೂ ಮೊದಲು, 2019ರ ನವೆಂಬರ್‌ನಲ್ಲೇ ಶುರುವಾದದ್ದು ಇನ್ನೊಂದು. ಹಳ್ಳಿಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಪಿ ನೋಡಿ, ಶುಗರ್ ನೋಡಿ, ಆ ಕಡೆಯ ಡಾಕ್ಟರ್ ಜೊತೆ ತಾವೇ ಮಾತಾಡುವುದು. ಪೇಟೆಯಲ್ಲಿ ಓದು ಬರಹ ಬಲ್ಲವರಿಗೆ ಮೊದಲ ದಾರಿ ಅನುಕೂಲ, ಅದು ಇರಲಿ. ಆದರೆ ನನ್ನ ಊರಿಗೆ ಯಾವುದು ಬೇಕು ಅಂದರೆ ಎರಡನೆಯದೇ. "ಎದೆ ಹತ್ರ ಒಂಥರಾ ಆಗ್ತದೆ" ಅಂತ ಅಜ್ಜಿ ಹೇಳಿದ್ದನ್ನು ಡಾಕ್ಟರಿಗೆ ಅರ್ಥವಾಗುವ ಹಾಗೆ ಹೇಳುವ ಒಬ್ಬ ಮನುಷ್ಯ ಅಲ್ಲಿರುತ್ತಾರೆ. ತಂತ್ರಜ್ಞಾನಕ್ಕೆ ದುಡ್ಡು ಹಾಕುವಾಗ ಆ ಹುದ್ದೆ ಖಾಲಿ ಬೀಳದ ಹಾಗೆ ನೋಡಿಕೊಳ್ಳಲೂ ದುಡ್ಡು ಹಾಕಿ ಅಂತ ನನ್ನ ಕೋರಿಕೆ. ನರ್ಸ್ ಇಲ್ಲದ ಊರಲ್ಲಿ ಇಸಿಜಿ ಯಂತ್ರ ಪ್ಲಾಸ್ಟಿಕ್ ಹೊದಿಕೆಯಲ್ಲೇ ಉಳಿಯುತ್ತದೆ.

ಅಂಗನವಾಡಿಗೂ ಅಷ್ಟೇ. ಮುಖ ಹೊಂದದಿದ್ದರೆ, ಓಟಿಪಿ ಬಾರದಿದ್ದರೆ, ಟೀಚರ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡು ಅದೇ ದಿನ ಆಹಾರ ಕೊಡುವ ಅಧಿಕಾರ ಅವರಿಗೆ ಇರಲಿ. ಹೊಂದಲಿಲ್ಲ ಯಾಕೆ ಅಂತ ಹುಡುಕುವ ಕೆಲಸ ಇಲಾಖೆಯದ್ದಾಗಲಿ. ಕೋಡ್ ಬರೆಯುವವರಿಗೆ ಇದು ಕಷ್ಟವೇ ಅಲ್ಲ, ನಾನು ಬಲ್ಲೆ. ಒಂದು ಬಟನ್, ಒಂದು ಕಾರಣದ ಕಾಲಂ.

ಇನ್ನು ಎದೆನೋವಿನ ವಿಷಯ, ಓದುವವರಲ್ಲಿ ಮಲೆನಾಡಿನವರು, ಬಯಲುಸೀಮೆಯ ದೂರದ ಹಳ್ಳಿಯವರು ಇದ್ದರೆ. ಎದೆ ಹಿಂಡಿದ ಹಾಗಾಗಿ ಎಡಗೈಗೋ ದವಡೆಗೋ ನೋವು ಇಳಿದರೆ, ತಣ್ಣನೆ ಬೆವರು ಬಂದರೆ, ಕಷಾಯಕ್ಕೆ ಕಾಯಬೇಡಿ. ಸ್ವಂತ ಕಾರಿದೆ ಅಂತ ಸೀದಾ ದೊಡ್ಡ ಊರಿಗೆ ಹೊರಡಬೇಡಿ. 108ಕ್ಕೆ ಫೋನ್ ಮಾಡಿ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ, ಇಸಿಜಿ ತೆಗೆಯಿರಿ ಅಂತ ಬಾಯಿಬಿಟ್ಟು ಕೇಳಿ. ಮೊದಲನೆಯದು ಸರಿಯಿದ್ದು ನೋವು ನಿಲ್ಲದಿದ್ದರೆ ಇನ್ನೊಂದು ತೆಗೆಯಲು ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿದೆಯಾ ಅಂತ ಕೇಳಿ. ಅದಕ್ಕೆ ನೀವು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಹೆಂಗಸರಲ್ಲಿ ನೋವು ಹೀಗೇ ಇರಬೇಕು ಅಂತಿಲ್ಲ. ಬೆನ್ನುನೋವು, ವಾಕರಿಕೆ, ಎರಡು ಹೆಜ್ಜೆ ಇಟ್ಟರೆ ಸುಸ್ತು, ಉಸಿರು ಸಾಲದಿರುವುದು, ಇಷ್ಟೇ ಇರಬಹುದು. ಅಮ್ಮಂದಿರು ಇದನ್ನು ಹೇಳುವುದೇ ಇಲ್ಲ, ಕೆಲಸ ಮುಗಿಸಿ ಮಲಗಿಬಿಡುತ್ತಾರೆ. ಅವರನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ, ಅದೇ ರಾತ್ರಿ.